ಸಹ-ಸಾಲಗಾರನೊಬ್ಬನ ಬಿನ್ನಹ

ಇವರಿಗೆ,
ಪ್ರವೇಶ ಸಮಿತಿಯ ಮಾನ್ಯ ಸದಸ್ಯರು,
ಸಮುದ್ರದಾಚೆಯ ಬಿಸಿನೆಸ್ ಸ್ಕೂಲು.

ವಿಷಯ: ಮಗಳ ಎಂ.ಬಿ.ಎ. ಅರ್ಜಿಯಲ್ಲಿ ನನ್ನನ್ನೂ ಒಂದು ಪಾತ್ರ ಮಾಡಿರುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ವಿಳಾಸದಲ್ಲಿ ತಮ್ಮ ಸ್ಕೂಲಿನ ಹೆಸರು ಬಿಟ್ಟುಹೋಗಿರುವುದು ಕಣ್ತಪ್ಪಿನಿಂದಲ್ಲ. ನನ್ನ ಮಗಳು ಐದು ಕಡೆ ಅರ್ಜಿ ಹಾಕುತ್ತಿದ್ದಾಳೆ. ತನ್ನ ಸ್ವಭಾವಕ್ಕೂ ಗುರಿಗೂ ಹೊಂದುವ ಸ್ಕೂಲು ಈ ಭೂಮಿಯ ಮೇಲೆ ನಿಮ್ಮದೊಂದೇ ಎಂದು ಐದರಲ್ಲೂ ಬರೆದಿದ್ದಾಳೆ. ಐದು ಗಂಡಿನ ಮನೆಗೆ ಒಂದೇ ಜಾತಕ ಹೋಗುತ್ತಿರುವಾಗ ಅಪ್ಪನ ಪತ್ರವೂ ಒಂದೇ ಸಾಕೆಂದು ಹೆಸರು ಖಾಲಿ ಬಿಟ್ಟಿದ್ದೇನೆ. ನಿಮ್ಮದನ್ನು ತುಂಬಿಕೊಂಡು ಓದಬೇಕಾಗಿ ಕೋರಿಕೆ.

ಮೊದಲು ನನ್ನ ಪರಿಚಯ. ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕೊಂದರಲ್ಲಿ 35 ವರ್ಷ ಕೆಲಸ ಮಾಡಿ 2018ರಲ್ಲಿ ನಿವೃತ್ತನಾದೆ. ನನ್ನ ಬೆನ್ನಿಗೇ ಬ್ಯಾಂಕೂ ವಿಲೀನವಾಗಿ ಬೋರ್ಡು ಇಳಿಸಿತು. ಈಗ ಪಿಂಚಣಿ ಇದೆ, ಬ್ಯಾಂಕಿನ ಹೆಸರು ಇಲ್ಲ. ಆ 35 ವರ್ಷದಲ್ಲಿ ಮಾಡಿದ ಮುಖ್ಯ ಕೆಲಸವೆಂದರೆ ಅರ್ಜಿ ಓದಿದ್ದು. ಪಂಪ್‌ಸೆಟ್ಟಿಗೆ, ಎಮ್ಮೆಗೆ, ಹೊಲಿಗೆ ಯಂತ್ರಕ್ಕೆ, ಮಗಳ ಮದುವೆಗೆ (ಅದನ್ನು 'ಕೃಷಿ ಅಭಿವೃದ್ಧಿ' ಎಂದು ಬರೆದಿರುತ್ತಿದ್ದರು) ಬಂದ ಸಾವಿರಾರು ಅರ್ಜಿ. ಹೀಗಾಗಿ ತಮಗೂ ನನಗೂ ಒಂದು ವೃತ್ತಿಬಾಂಧವ್ಯ ಇದೆ ಎಂದು ಭಾವಿಸಿ ಸಲುಗೆಯಿಂದ ಬರೆಯುತ್ತಿದ್ದೇನೆ. ಎದುರಿಗೆ ಕೂತವನು ಬಾಯಲ್ಲಿ ಒಂದು ಹೇಳುತ್ತಾನೆ, ಕಾಗದದಲ್ಲಿ ಇನ್ನೊಂದು ಇರುತ್ತದೆ, ಅವನ ಚಪ್ಪಲಿ ಮೂರನೆಯದನ್ನು ಹೇಳುತ್ತದೆ. ನಾನು ಚಪ್ಪಲಿ ನೋಡಿ ಸಾಲ ಕೊಟ್ಟವನು. ತಮಗೆ ಆ ಸೌಕರ್ಯ ಇಲ್ಲವಲ್ಲ ಎಂಬುದೇ ನನ್ನ ಮರುಕ.

ನಿಮ್ಮ ಕುಲದ ಚರಿತ್ರೆಯನ್ನು ಮಗಳ ಪುಣ್ಯದಿಂದ ಓದಿಕೊಂಡಿದ್ದೇನೆ. ಫಿಲಡೆಲ್ಫಿಯಾದ ವಾರ್ಟನ್ 1881ರದು, ಡಾರ್ಟ್‌ಮತ್‌ನ ಟಕ್ 1900ರದು, ಎಂ.ಬಿ.ಎ. ಎಂಬ ಪದವಿಯನ್ನು ಜಗತ್ತಿಗೆ ಕೊಟ್ಟ ಹಾರ್ವರ್ಡ್ ಬಿಸಿನೆಸ್ ಸ್ಕೂಲು 1908ರದು. ನಮ್ಮ ಉಡುಪಿ, ಮಂಗಳೂರಿನ ಬ್ಯಾಂಕುಗಳೂ ಸರಿಸುಮಾರು ಇದೇ ವಾರಿಗೆಯವು. ಕೆನರಾ, ಕಾರ್ಪೊರೇಷನ್ ಎರಡೂ 1906ರವು. ಹಾರ್ವರ್ಡಿಗಿಂತ ಎರಡು ವರ್ಷ ದೊಡ್ಡವು ಎಂಬುದನ್ನು ಜಂಬಕ್ಕಾಗಿ ಹೇಳುತ್ತಿಲ್ಲ, ಜಂಬಕ್ಕಾಗಿಯೇ ಹೇಳುತ್ತಿದ್ದೇನೆ. ಹಾರ್ವರ್ಡಿನಲ್ಲಿ ವರ್ಷಕ್ಕೆ ಒಂಬೈನೂರು ಚಿಲ್ಲರೆ ಸೀಟು, ಸ್ಟ್ಯಾನ್‌ಫರ್ಡಿನಲ್ಲಿ ಅದರ ಅರ್ಧಕ್ಕೂ ಕಡಿಮೆ. ಸ್ಟ್ಯಾನ್‌ಫರ್ಡಿಗೆ ಅರ್ಜಿ ಹಾಕಿದ ನೂರು ಮಂದಿಯಲ್ಲಿ ಆರೇಳು ಜನರಿಗೆ ಬಾಗಿಲು ತೆರೆಯುತ್ತದಂತೆ. ನನ್ನ ಶಾಖೆಯಲ್ಲಿ ನೂರಕ್ಕೆ ಆರು ಅರ್ಜಿ ಮಂಜೂರು ಮಾಡಿದ್ದರೆ ಪ್ರಾದೇಶಿಕ ಕಚೇರಿ ಕಾರಣ ಕೇಳಿ ನೋಟಿಸು ಕೊಡುತ್ತಿತ್ತು. ನಿಮ್ಮಲ್ಲಿ ಅದಕ್ಕೆ ಪ್ರತಿಷ್ಠೆ ಎನ್ನುತ್ತಾರೆ.

ಪರೀಕ್ಷೆಯ ವಿಚಾರ ಹೆಚ್ಚು ಹೇಳುವುದಿಲ್ಲ. ಜಿಮ್ಯಾಟ್ ಎಂಬುದು ಮೊದಲು 800ಕ್ಕೆ ಇತ್ತು. 2023ರ ಕೊನೆಯಲ್ಲಿ ಹೊಸ ರೂಪ ತಾಳಿ 805ಕ್ಕೆ ಆಯಿತು, ಎಲ್ಲ ಅಂಕವೂ ಐದರಲ್ಲೇ ಮುಗಿಯುತ್ತದೆ. ಹಳೆಯ 700 ಈಗಿನ 645ಕ್ಕೆ ಸಮ. ಇದರಿಂದ ನಮ್ಮ ಬೀದಿಯಲ್ಲಿ ಆದ ಅನಾಹುತವೆಂದರೆ, ಎದುರುಮನೆಯವರ ಮಗನಿಗೆ ಮೂರು ವರ್ಷದ ಹಿಂದೆ 720 ಬಂದಿತ್ತು, ನನ್ನ ಮಗಳಿಗೆ ಈಗ 675. ಅವಳದೇ ಹೆಚ್ಚು ಎಂದು ಎದುರುಮನೆಯವರಿಗೆ ತಿಳಿಹೇಳಲು ಹೋಗಿ ಸೋತೆ. ಹಳೇ ಸೇರು, ಹೊಸ ಕಿಲೋ ಲೆಕ್ಕ ಹೇಳಿ ನೋಡಿದೆ. ಅವರು ನಕ್ಕು ಕಾಫಿ ಕೊಟ್ಟರು. ಆ ನಗುವನ್ನು ನಾನು ಮರೆತಿಲ್ಲ.

ಅಂಕ ಅಂತೂ ಅಂಕ, ಅದನ್ನು ಒಪ್ಪಿಕೊಳ್ಳಬಹುದು. ನನ್ನ ತಲೆ ಕೆಟ್ಟದ್ದು ಪ್ರಬಂಧಗಳಿಂದ. ಸ್ಟ್ಯಾನ್‌ಫರ್ಡಿನವರು ವರ್ಷಾನುವರ್ಷದಿಂದ ಒಂದೇ ಪ್ರಶ್ನೆ ಕೇಳುತ್ತಾ ಬಂದಿದ್ದಾರೆ: ನಿನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು, ಯಾಕೆ? ಇದನ್ನು ನನ್ನ ಅಜ್ಜಿಗೆ ಕೇಳಿದ್ದರೆ 'ಎರಡು ಹೊತ್ತು ಊಟ, ಯಾಕಂದ್ರೆ ಹಸಿವಾಗತ್ತೆ' ಎಂದು ಒಂದು ಸಾಲಿನಲ್ಲಿ ಮುಗಿಸುತ್ತಿದ್ದಳು. ಮಗಳು ಮೂರು ತಿಂಗಳು ಬರೆದಳು. ಹಾರ್ವರ್ಡಿನವರು 2024ರಲ್ಲಿ ಹಳೆಯ ಒಂದು ದೊಡ್ಡ ಪ್ರಬಂಧ ತೆಗೆದು ಮೂರು ಚಿಕ್ಕವು ಇಟ್ಟರು: ವ್ಯವಹಾರಬುದ್ಧಿ, ನಾಯಕತ್ವ, ಬೆಳವಣಿಗೆ. ಒಂದೊಂದಕ್ಕೆ ಇನ್ನೂರೈವತ್ತು ಮುನ್ನೂರು ಪದ. ಇಷ್ಟು ಪದದಲ್ಲಿ ನಾಯಕತ್ವ ತೋರಿಸಬೇಕೆಂದರೆ ಎರಡನೆಯ ವಾಕ್ಯದಲ್ಲೇ ಏನಾದರೂ ಕುಸಿದುಬೀಳಬೇಕು, ಆರನೆಯ ವಾಕ್ಯದಲ್ಲಿ ಇವಳು ಎತ್ತಿ ನಿಲ್ಲಿಸಬೇಕು.

ಇಲ್ಲೊಂದು ಭಾಷೆಯ ತೊಡಕೂ ಇದೆ, ತಮ್ಮ ಅವಗಾಹನೆಗೆ ತರುತ್ತೇನೆ. ನಮ್ಮ ಕನ್ನಡದಲ್ಲಿ 'ನಾನು' ಎಂಬುದು ಕ್ರಿಯಾಪದದ ಬಾಲದಲ್ಲಿ ಮುದುರಿಕೊಂಡು ಕೂತಿರುತ್ತದೆ. ಬಂದೆ, ಕೂತೆ, ಕೆಲಸ ಮುಗಿಸಿ ಎದ್ದು ಹೋದೆ ಎಂದರೆ ಸಾಕು, ಯಾರೆಂದು ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಅದು ಪ್ರತಿ ವಾಕ್ಯದ ಬಾಗಿಲಲ್ಲಿ ಕಂಬದ ಹಾಗೆ ನೆಟ್ಟಗೆ ನಿಂತುಕೊಳ್ಳಲೇಬೇಕು, ಅದೂ ದೊಡ್ಡಕ್ಷರದಲ್ಲಿ. ನನ್ನದೇ ಶಾಖೆಯ ವಾರ್ಷಿಕ ವರದಿಯಲ್ಲಿ 'ಠೇವಣಿ ಸಂಗ್ರಹಿಸಲಾಯಿತು' ಎಂದು ಬರೆದು ಬರೆದು ಕರ್ತೃವನ್ನೇ ಕಳೆದುಕೊಂಡವನು ನಾನು. ಮಗಳ ಪ್ರಬಂಧದ ಒಂದೇ ಪುಟದಲ್ಲಿ ಆ ಕಂಬವನ್ನು ಎಣಿಸಿದೆ, 31 ಇದ್ದವು. ಚಪ್ಪರ ಹಾಕಬಹುದಿತ್ತು.

ಅವಳದೇ ತಪ್ಪೆನ್ನಲಾರೆ. ಮಧ್ಯದಲ್ಲಿ ಕನ್ಸಲ್ಟೆಂಟ್ ಒಬ್ಬರಿದ್ದಾರೆ. ನಮ್ಮ ಕಾಲದ ತಾಲ್ಲೂಕು ಕಚೇರಿ ಮುಂದೆ ಕಟ್ಟೆಯ ಮೇಲೆ ಕೂತು ಅರ್ಜಿ ಬರೆದುಕೊಡುತ್ತಿದ್ದವರ ವಂಶಸ್ಥರು, ದರ ಮಾತ್ರ ಲಕ್ಷದಲ್ಲಿ. ರಾತ್ರಿ ಹನ್ನೊಂದಕ್ಕೆ ಫೋನಿನ ಪರದೆಯ ಮೇಲೆ ಕಾಣಿಸಿಕೊಳ್ಳುತ್ತಾರೆ. ಅವರ ಪ್ರಕಾರ ನನ್ನ ಮಗಳ ಮೊದಲ ರೋಗ, ಅವಳು ಭಾರತದ ಐ.ಟಿ. ಇಂಜಿನಿಯರ್. ನಿಮ್ಮ ಮೇಜಿನ ಮೇಲೆ ಆ ಜಾತಿಯ ಅರ್ಜಿ ರಾಶಿ ಬಿದ್ದಿರುತ್ತದಂತೆ. ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ಆವಕ ಹೆಚ್ಚಾದರೆ ಧಾರಣೆ ಕುಸಿಯುವುದನ್ನು ಕಂಡವನಿಗೆ ಇದು ಅರ್ಥವಾಯಿತು. ಆದ್ದರಿಂದ ಇವಳು ಕೊಬ್ಬರಿಯಲ್ಲ, ಬೇರೇನೋ ಎಂದು ತೋರಿಸಬೇಕು. ಬೆಳ್ಳಂದೂರಿನ ಕಂಪನಿಯಲ್ಲಿ ಐದು ವರ್ಷ ಕೋಡು ಬರೆದದ್ದು ಎರಡು ವಾಕ್ಯಕ್ಕೆ ಇಳಿಯಿತು. ಶನಿವಾರ ಕೆರೆ ಸ್ವಚ್ಛ ಮಾಡಲು ಹೋಗಿ ಕೈಗೆ ಗ್ಲೌಸು ಹಾಕಿಕೊಂಡು ಫೋಟೋ ತೆಗೆಸಿಕೊಂಡದ್ದು ಎರಡು ಪ್ಯಾರಾಕ್ಕೆ ಏರಿತು. ಕೆರೆ ಇನ್ನೂ ಹಾಗೇ ಇದೆ.

ಶಿಫಾರಸು ಪತ್ರದ ಕಥೆಯೂ ತಮಗೆ ತಿಳಿದಿರಲಿ. ಅಭ್ಯರ್ಥಿಗೆ ನೀವು ಕೊಟ್ಟ ಅತಿ ಮುಖ್ಯವಾದ ತಿದ್ದುಪಡಿಯ ಸಲಹೆ ಯಾವುದು, ಆಕೆ ಅದನ್ನು ಹೇಗೆ ತೆಗೆದುಕೊಂಡಳು ಎಂದು ಮೇಲಧಿಕಾರಿಯನ್ನು ಕೇಳುತ್ತೀರಿ. ಮೇಲಧಿಕಾರಿ 'ನೀನೇ ಬರೆದು ಕಳಿಸಮ್ಮ, ಅಪ್‌ಲೋಡ್ ಮಾಡ್ತೀನಿ' ಎಂದರು. ತನಗೆ ತಾನೇ ಬುದ್ಧಿ ಹೇಳಿಕೊಂಡು, ಅದನ್ನು ತಾನೇ ವಿನಯದಿಂದ ಸ್ವೀಕರಿಸಿದ್ದನ್ನು ಬೇರೆಯವರ ದನಿಯಲ್ಲಿ ಮೆಚ್ಚಿಕೊಳ್ಳುವುದಿದೆಯಲ್ಲ, ಅದಕ್ಕಿಂತ ಕಠಿಣವಾದ ಪರೀಕ್ಷೆಯನ್ನು ಜಿಮ್ಯಾಟಿನವರೂ ಇಟ್ಟಿಲ್ಲ. ಮಗಳು ಅದರಲ್ಲಿ ಪಾಸಾದಳು. ಕೊನೆಗೆ ಆ ಪತ್ರ ಕಳಿಸಲಿಲ್ಲ, ಬೇರೊಬ್ಬ ಮೇಲಧಿಕಾರಿ ಕೂತು ತಾವೇ ಬರೆದರು. ಅವರ ಪತ್ರ ಒಣಕಲಾಗಿತ್ತು ಎಂದು ಅವಳಿಗೆ ಬೇಜಾರು.

ಇನ್ನು ಹಣದ ವಿಷಯ, ಇಲ್ಲಿ ನಾನು ಮೇಷ್ಟ್ರು. ಹಾರ್ವರ್ಡಿನ ಬೋಧನಾ ಶುಲ್ಕವೇ ವರ್ಷಕ್ಕೆ 75 ಸಾವಿರ ಡಾಲರ್ ದಾಟಿದೆ. ಊಟ, ಬಾಡಿಗೆ, ವಿಮೆ ಸೇರಿಸಿ ಎರಡು ವರ್ಷಕ್ಕೆ ಎರಡು ಕೋಟಿ ರೂಪಾಯಿ ಆಸುಪಾಸು. ಶಿಕ್ಷಣ ಸಾಲದ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನ ಬೇಡ, ಏಳೂವರೆ ಲಕ್ಷ ದಾಟಿದರೆ ಆಸ್ತಿ ಅಡಮಾನ ಬೇಕು ಎಂಬ ಸಾಲುಗಳನ್ನು ಎಷ್ಟು ತಂದೆಯರಿಗೆ ಕೌಂಟರಿನ ಈಚೆಯಿಂದ ಓದಿ ಹೇಳಿದ್ದೆನೋ ಲೆಕ್ಕವಿಲ್ಲ. ಈಗ ಆಚೆ ಕೂತು ಕೇಳಿಸಿಕೊಂಡೆ. ಹುಡುಗ ಮ್ಯಾನೇಜರ್, ಒಳ್ಳೆಯವನು. 'ಸಾರ್, ನಿಮಗೆ ಗೊತ್ತಿಲ್ಲದ್ದೇನಿದೆ' ಎನ್ನುತ್ತಲೇ ಮೂಲ ಕ್ರಯಪತ್ರ, ಖಾತಾ, ಹದಿಮೂರು ವರ್ಷದ ಇ.ಸಿ., ಕಂದಾಯ ಕಟ್ಟಿದ ರಸೀದಿ ಎಲ್ಲ ಕೇಳಿದ. ಮೈಸೂರಿನ ಮನೆಗೆ ಬೆಲೆ ಕಟ್ಟಲು ಬಂದವನು ಹಿತ್ತಲಿನ ಕರಿಬೇವಿನ ಗಿಡವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾನಾಗಿದ್ದರೂ ತೆಗೆದುಕೊಳ್ಳುತ್ತಿರಲಿಲ್ಲ. ಫಾರಂನಲ್ಲಿ ನನ್ನ ಹುದ್ದೆ 'ಸಹ-ಸಾಲಗಾರ'. ಈ ಪತ್ರಕ್ಕೆ ಆ ಹುದ್ದೆಯ ಅಧಿಕಾರದಿಂದಲೇ ಸಹಿ ಮಾಡುತ್ತಿದ್ದೇನೆ.

ಸಾಲದ ಅರ್ಜಿಯನ್ನೂ ನಿಮ್ಮ ಅರ್ಜಿಯನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ಹಳೆಯ ಆಡಿಟ್ ಬುದ್ಧಿ ಎದ್ದು ಕೂತಿತು. ನಿಮಗೆ ಬರೆದದ್ದರಲ್ಲಿ ಅವಳು ಓದು ಮುಗಿಸಿ ಊರಿಗೆ ಮರಳಿ ಹಳ್ಳಿಯ ಹೆಂಗಸರಿಗಾಗಿ ಕಿರುವಿಮೆಯ ಕಂಪನಿ ಕಟ್ಟುತ್ತಾಳೆ. ಬ್ಯಾಂಕಿಗೆ ಬರೆದದ್ದರಲ್ಲಿ ಅಮೆರಿಕದಲ್ಲೇ ನಿಂತು ದುಡಿದು ಹತ್ತು ವರ್ಷದಲ್ಲಿ ಡಾಲರಿನಲ್ಲಿ ಸಾಲ ತೀರಿಸುತ್ತಾಳೆ. ಹಾರ್ವರ್ಡಿನ 2024ರ ಪದವೀಧರರ ಮಧ್ಯಮ ಮೂಲವೇತನ 1,75,000 ಡಾಲರ್ ಎಂಬ ಹಾಳೆಯನ್ನು ಅದಕ್ಕೆ ಲಗತ್ತಿಸಿದ್ದಾಳೆ. ನಾಳೆ ಸೀಟು ಸಿಕ್ಕಿ ವೀಸಾ ಕಿಟಕಿಯ ಮುಂದೆ ನಿಂತಾಗ, ಓದು ಮುಗಿದ ಮೇಲೆ ಖಂಡಿತ ವಾಪಸು ಬರುತ್ತೇನೆ ಎಂದು ಅಧಿಕಾರಿಗೆ ನಂಬಿಕೆ ಹುಟ್ಟಿಸಬೇಕು, ಅದು ಅವರ ಕಾನೂನು. ಮೂರು ಕೌಂಟರು, ಮೂರು ಸತ್ಯ, ಒಬ್ಬಳೇ ಹುಡುಗಿ. ಮೂರರಲ್ಲಿ ಯಾವುದು ನಿಜ ಎಂದು ಕೇಳಿದೆ. 'ಅಪ್ಪ, ಮೂರೂ ನಿಜ. ಯಾವುದು ಮೊದಲು ಆಗತ್ತೋ ನೋಡಬೇಕು' ಎಂದಳು. ಎಂ.ಬಿ.ಎ. ಓದುವ ಅಗತ್ಯವೇನಿದೆ ಎಂದುಕೊಂಡೆ.

ಆ ವೇತನದ ಹಾಳೆಯಲ್ಲಿ ಇಲ್ಲದ ಒಂದು ಅಂಕಿಯನ್ನು ನಾನೇ ಹುಡುಕಿಕೊಂಡೆ. 2024ರಲ್ಲಿ ಹಾರ್ವರ್ಡಿನಿಂದ ಹೊರಬಂದು ಕೆಲಸ ಹುಡುಕಿದವರಲ್ಲಿ ನೂರಕ್ಕೆ 23 ಜನ ಮೂರು ತಿಂಗಳಾದ ಮೇಲೂ ಹುಡುಕುತ್ತಲೇ ಇದ್ದರು. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಉದ್ಯೋಗ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದು ಅಲ್ಲಿನ ಸರ್ಕಾರ ಘೋಷಿಸಿತು. ಸಾಲ ಮಂಜೂರು ಮಾಡುವ ಕುರ್ಚಿಯಲ್ಲಿ ನಾನಿದ್ದಿದ್ದರೆ ಈ ಎರಡು ಸಾಲಿನ ಪಕ್ಕ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆ. ಅಪ್ಪನ ಕುರ್ಚಿಯಲ್ಲಿ ಕೂತು ಸಹಿ ಹಾಕಿದೆ.

ಕಿರುವಿಮೆ ಎಂದೆನಲ್ಲ, ಅದರ ಬಗ್ಗೆ ಅವಳು 'ಕೊನೆಯ ಮನೆಯವರೆಗೆ ಹಣಕಾಸು ಸೇವೆ' ಎಂದು ಏನೋ ಹೊಸದನ್ನು ಕಂಡುಹಿಡಿದವಳ ಹಾಗೆ ಬರೆದಿದ್ದಾಳೆ. ಉಡುಪಿಯಲ್ಲಿ 1925ರಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲೇ ಪಿಗ್ಮಿ ಠೇವಣಿ ತಂದರು. ಏಜೆಂಟ್ ದಿನಾ ಮನೆ ಬಾಗಿಲಿಗೆ, ಮೀನಿನ ಬುಟ್ಟಿಯ ಪಕ್ಕಕ್ಕೆ, ಬೀಡಿ ಕಟ್ಟುವ ಜಗಲಿಗೆ ಹೋಗಿ ಎರಡಾಣೆ ಇಸಿದುಕೊಂಡು ಪಾಸ್‌ಬುಕ್ಕಿನಲ್ಲಿ ಬರೆದು ಬರುತ್ತಿದ್ದ. ಆ ಬ್ಯಾಂಕು ಕಟ್ಟಿದವರಲ್ಲಿ ಒಬ್ಬರಾದ ಟಿ.ಎಂ.ಎ. ಪೈ ಅವರು ಆಮೇಲೆ ಮಣಿಪಾಲ ಕಟ್ಟಿದರು. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದ ಮೈಕ್ರೋಸಾಫ್ಟಿನ ಸತ್ಯ ನಾದೆಲ್ಲ ಶಿಕಾಗೋದ ಬೂತ್ ಸ್ಕೂಲಿನಲ್ಲಿ 1997ರಲ್ಲಿ ಎಂ.ಬಿ.ಎ. ಮುಗಿಸಿದರು. ಈ ಸರಪಳಿಯನ್ನು ಹೇಳಿದಾಗ ಮಗಳು ಕನ್ಸಲ್ಟೆಂಟಿಗೆ ದಾಟಿಸಿದಳು. ಅವರಿಗೆ ನಾದೆಲ್ಲ ಹಿಡಿಸಿದರು, ಎರಡಾಣೆ ಹಿಡಿಸಲಿಲ್ಲ. ನಿಮ್ಮವರಿಗೆ ಆಣೆ ಎಂದರೇನೆಂದು ವಿವರಿಸಲು ಹನ್ನೆರಡು ಪದ ಬೇಕು, ಅಷ್ಟು ಜಾಗ ಇಲ್ಲ ಎಂದರಂತೆ.

ಈಗ ಮೂಲ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿಬಳಸಿದ್ದು ಅದನ್ನು ಬರೆಯಲು ಕೈ ಬಾರದ್ದರಿಂದಲೂ ಹೌದು.

ತಮ್ಮವರಲ್ಲಿ ಕೆಲವರು ಸೋಲಿನ ಕಥೆ ಕೇಳುತ್ತಾರೆ. ಫ್ರಾನ್ಸಿನ ಫೊಂಟೆನ್‌ಬ್ಲೋದಲ್ಲಿರುವ ಇನ್ಸಿಯಾಡಿನವರು, ಅವರು 1957ರವರು, ಹೆಮ್ಮೆಯ ಸಾಧನೆಯನ್ನೂ ಸೋತ ಸಂದರ್ಭವನ್ನೂ ಬರೆಯಿರಿ ಎಂದು ಎಷ್ಟೋ ವರ್ಷ ಕೇಳಿದ್ದಾರೆ. ಇದು ನನಗೆ ವಿಚಿತ್ರವಾಗಿ ಕಂಡಿತು. ನನ್ನ ಮುಂದೆ ಕೂತವರು ಸೋಲನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಬರುತ್ತಿದ್ದರು. ಹಳೆಯ ಸೊಸೈಟಿಯ ಸುಸ್ತಿ, ಬತ್ತಿದ ಬೋರ್‌ವೆಲ್ಲು, ಓಡಿಹೋದ ತಮ್ಮ, ಯಾವುದನ್ನೂ ಬಾಯಿ ಬಿಡುತ್ತಿರಲಿಲ್ಲ. ನಿಮ್ಮಲ್ಲಿ ಅದನ್ನೇ ತಟ್ಟೆಯಲ್ಲಿಟ್ಟು ತರಬೇಕು. ಆದರೆ ಯಾವ ಸೋಲು? ಕನ್ಸಲ್ಟೆಂಟ್ ಹೇಳಿಕೊಟ್ಟರು: ನಿಜವಾಗಿ ಸೋತಿರಬೇಕು, ಆದರೆ ಯಾರಿಗೂ ನಷ್ಟವಾಗಿರಬಾರದು. ತಪ್ಪು ನಿನ್ನದೇ ಆಗಿರಬೇಕು, ಆದರೆ ಸ್ವಭಾವದ್ದಾಗಿರಬಾರದು. ಕಡೆಗೆ ಪಾಠ ಸಿಕ್ಕಿರಬೇಕು. ಮಾರ್ಚ್ 30ಕ್ಕೆ ಸಾಲಗಾರನ ಖಾತೆಗೆ ಹಣ ಕಟ್ಟಿಸಿ ಏಪ್ರಿಲ್ 2ಕ್ಕೆ ಅದೇ ಹಣವನ್ನು ಹೊಸ ಸಾಲವಾಗಿ ಕೊಟ್ಟು ಲೆಕ್ಕ ಚಂದ ಮಾಡುತ್ತಿದ್ದೆವು, ಅದರ ನೆನಪಾಯಿತು. ಮಗಳು ಕಾಲೇಜು ಉತ್ಸವದಲ್ಲಿ ಪ್ರಾಯೋಜಕರು ಕೈಕೊಟ್ಟ ಕಥೆ ಬರೆದಳು. ಓದಿದರೆ ಆಕಳಿಕೆ ಬರುತ್ತಿತ್ತು.

ಸಾಧನೆಯ ಕಥೆಯಲ್ಲಿ ಮಾತ್ರ ಆಕಳಿಕೆ ಬರಲಿಲ್ಲ. ಅಲ್ಲಿ ನಾನಿದ್ದೆ.

2005. ನಾನು ತಿಪಟೂರು ಕಡೆಯ ಒಂದು ಗ್ರಾಮೀಣ ಶಾಖೆಯಲ್ಲಿ ಮ್ಯಾನೇಜರ್. ಮಗಳಿಗೆ ಎಂಟು ವರ್ಷ, ಎದುರಿಗೇ ಅವಳ ಸ್ಕೂಲು. ಬಿಟ್ಟ ಕೂಡಲೇ ಬಂದು ಗಿರಾಕಿಗಳ ಬೆಂಚಿನ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದಳು. ಒಂದು ಮಧ್ಯಾಹ್ನ ಹೆಂಗಸೊಬ್ಬಳು ಪ್ಲಾಸ್ಟಿಕ್ ವೈರಿನ ಬುಟ್ಟಿ ಹಿಡಿದು ಬಂದಳು. ಅದರೊಳಗೆ ಮುತ್ತುಗದ ಎಲೆಯ ಪೊಟ್ಟಣ. ನನ್ನ ಮೇಜಿನ ಮೇಲೆ, ಲೆಡ್ಜರಿನ ಪಕ್ಕದಲ್ಲಿ ಬಿಚ್ಚಿದಳು. 'ಸ್ವಾಮಿ, ಓಲೆ ತಂದಿವ್ನಿ' ಎಂದಳು. ಎಮ್ಮೆಯ ಕಿವಿ. ಬುಡಕ್ಕೆ ಕೊಯ್ದದ್ದು, ಕರಿಕೂದಲು ಇನ್ನೂ ನುಣ್ಣಗಿತ್ತು, ನಡುವೆ ಹಿತ್ತಾಳೆಯ ಕಿವಿಯೋಲೆ ಹೊಳೆಯುತ್ತಿತ್ತು. ತಮ್ಮ ತರಗತಿಯಲ್ಲಿ ಇದನ್ನು ಹೇಳಿಕೊಡುತ್ತಾರೋ ಇಲ್ಲವೋ, ಸಾಲ ಕೊಟ್ಟು ಕೊಡಿಸಿದ ರಾಸಿಗೆ ವಿಮೆ ಮಾಡಿಸಿ ಕಿವಿಗೆ ನಂಬರಿನ ಓಲೆ ಹಾಕುತ್ತಾರೆ. ರಾಸು ಸತ್ತರೆ ಓಲೆ ಇಲ್ಲದೆ ಕ್ಲೇಮು ಇಲ್ಲ. ಡಾಕ್ಟರ ಸರ್ಟಿಫಿಕೇಟು ಸಾಕಾಗುವುದಿಲ್ಲ, ಓಲೆಯೇ ಬರಬೇಕು. ಓಲೆ ಬಿಚ್ಚಿ ತಂದರೆ ಬದುಕಿರುವ ಎಮ್ಮೆಯದೇ ಇರಬಹುದೆಂದು ಅನುಮಾನ ಪಡುತ್ತಾರೆ. ಹಾಗಾಗಿ ಅವಳು ಕಿವಿಯ ಸಮೇತ ತಂದಿದ್ದಳು, ಆರು ಮೈಲಿ ನಡೆದು. ಸಾಲ 15 ಸಾವಿರ. ಎಮ್ಮೆ ಹಾಲು ಕೊಟ್ಟದ್ದು ಐದು ತಿಂಗಳು.

ವಾಸನೆ ಹರಡಿತು. ಅಟೆಂಡರ್ ಲಕ್ಷ್ಮಿ ಪಟದ ಮುಂದೆ ಊದುಬತ್ತಿ ಹಚ್ಚಿದ. ಮಗಳು ಮೂಗು ಮುಚ್ಚಿಕೊಂಡು ಹೊರಗೆ ಓಡಿ, ಗೋಲಿ ಸೋಡಾ ಕೊಡಿಸು ಎಂದು ಬಾಗಿಲಲ್ಲಿ ನಿಂತು ಹಟ ಹಿಡಿದಳು. ನಾನು ಬೇಗ ಬೇಗ ಓಲೆಯ ನಂಬರ್ ನೋಡಿ ಫಾರಂನಲ್ಲಿ ಬರೆದುಕೊಂಡು, ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸಿದೆ.

ಮಗಳ ಪ್ರಬಂಧದಲ್ಲಿ ಗೋಲಿ ಸೋಡಾ ಇಲ್ಲ. ಕಿವಿಯೂ ಇಲ್ಲ, ನಿಮ್ಮವರಿಗೆ ಹೇಸಿಗೆಯಾದೀತೆಂದು ಕನ್ಸಲ್ಟೆಂಟ್ ತೆಗೆಸಿದರು. ಅದರ ಜಾಗದಲ್ಲಿ 'ಜೀವನೋಪಾಯ ಕಳೆದುಕೊಂಡ ಮಹಿಳೆ' ಇದ್ದಾಳೆ. ಅವಳ ಎದುರಿಗೆ ಗ್ರಾಮೀಣ ಬ್ಯಾಂಕರ್ ಒಬ್ಬ ಇದ್ದಾನೆ. ರಾತ್ರಿ ಹಗಲು ಓಡಾಡಿ ಆಕೆಯ ವಿಮೆಯ ಹಣ ಕೊಡಿಸುತ್ತಾನೆ, ಅವನ ಕಣ್ಣಿನಲ್ಲಿ ಹನಿ ಇರುತ್ತದೆ. ಎಂಟು ವರ್ಷದ ಹುಡುಗಿ ಬೆಂಚಿನ ಮೇಲಿಂದ ಇದನ್ನು ನೋಡಿ, ಹಣಕಾಸಿಗೂ ಒಂದು ಮುಖವಿರಬೇಕು ಎಂದು ಅಂದೇ ತೀರ್ಮಾನ ಮಾಡುತ್ತಾಳೆ. ಚೆನ್ನಾಗಿ ಬರೆದಿದ್ದಾಳೆ. ಓದುತ್ತಾ ನನಗೂ ಆ ಬ್ಯಾಂಕರ್ ಮೇಲೆ ಗೌರವ ಬಂತು.

ಮಾನ್ಯರೇ, ಆಕೆಗೆ ವಿಮೆಯ ಹಣ ಬರಲಿಲ್ಲ. ಓಲೆಯ ನಂಬರು 386ರಲ್ಲಿ ಮುಗಿಯುತ್ತಿತ್ತು, ನಾನು 336 ಎಂದು ಬರೆದಿದ್ದೆ. ಆರು ತಿಂಗಳ ನಂತರ 'ಸಂಖ್ಯೆ ತಾಳೆಯಾಗುವುದಿಲ್ಲ' ಎಂಬ ಷರಾದೊಂದಿಗೆ ಕಡತ ವಾಪಸು ಬಂತು. ಅಷ್ಟರಲ್ಲಿ ಕಿವಿ ತಿಪ್ಪೆ ಸೇರಿತ್ತು, ಓಲೆ ಎಲ್ಲಿ ಹೋಯಿತೋ. ಒಂದು ತಿದ್ದೋಲೆ ಬರೆದೆ. ಉತ್ತರ ಬರಲಿಲ್ಲ. ಇನ್ನೊಂದು ಬರೆಯಬೇಕೆನ್ನುವಷ್ಟರಲ್ಲಿ ವರ್ಗವಾಯಿತು. ಮುಂದೆ ಕೇಳಿದಾಗ ಸಾಲ ಪೂರ್ತಿ ತೀರಿದೆ ಎಂದರು. ಆಕೆ ಕೊಬ್ಬರಿ ಮಂಡಿಯಲ್ಲಿ ಕೂಲಿಗೆ ಹೋಗಿ, ತಿಂಗಳು ತಿಂಗಳು ಇನ್ನೂರು ಮುನ್ನೂರು ತಂದು ಬಡ್ಡಿ ಸಮೇತ ಕಟ್ಟಿದ್ದಳು, ಸತ್ತ ಎಮ್ಮೆಯ ಸಾಲ. ನಮ್ಮ ದಾಖಲೆಯಲ್ಲಿ ಅದು ಒಂದು ರೂಪಾಯಿ ಸುಸ್ತಿಯಿಲ್ಲದ ಆದರ್ಶ ಖಾತೆ. ಆ ಶಾಖೆಯ ವಸೂಲಿ ಚೆನ್ನಾಗಿತ್ತೆಂದು ನನಗೆ ಒಂದು ಪ್ರಶಂಸಾ ಪತ್ರವೂ ಬಂದಿತ್ತು. ಹಾಲ್‌ನಲ್ಲಿ ಬಹಳ ವರ್ಷ ಕಟ್ಟು ಹಾಕಿಸಿ ನೇತುಹಾಕಿದ್ದೆ. ಮಗಳು ಅದನ್ನು ನೋಡಿಕೊಂಡೇ ಬೆಳೆದಳು. ಉಳಿದ ಕಥೆ ಅವಳು ಅಲ್ಲಿಂದ ಕಟ್ಟಿಕೊಂಡಳು ಎಂದು ಕಾಣುತ್ತದೆ. ನಾನಂತೂ ತಿದ್ದಿರಲಿಲ್ಲ.

ಹೋದ ಭಾನುವಾರ ತಿದ್ದಿದೆ. ಅಡುಗೆಮನೆಯಲ್ಲಿ ಅವಳು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು, ಅವಳಮ್ಮ ಅವರೆಕಾಳು ಹಿಸುಕುತ್ತಿದ್ದಳು. ಎಲ್ಲ ಹೇಳಿದೆ, 386ರಿಂದ ಮಂಡಿಯ ಕೂಲಿಯವರೆಗೆ. ಹೇಳುವಾಗ ಗಂಟಲು ಸ್ವಲ್ಪ ಕಟ್ಟಿತು. ಹೆಂಡತಿ ಕೈ ನಿಲ್ಲಿಸಿದಳು. ಮಗಳು ತುಂಬಾ ಹೊತ್ತು ಸುಮ್ಮನಿದ್ದಳು. ಅವಳ ಕಣ್ಣು ತುಂಬಿದ್ದು ನಿಜ, ಅದನ್ನು ನಾನು ಕಂಡೆ. ಆಮೇಲೆ ನಿಧಾನಕ್ಕೆ, 'ಅಪ್ಪ, ಇದನ್ನ ನೀನು ಮೊದಲೇ ಹೇಳಬಾರದಿತ್ತಾ?' ಎಂದಳು.

ಹೇಳಬೇಕಿತ್ತು ಎಂದೆ.

'ಅಲ್ಲಪ್ಪ, ಸೋಲಿನ ಪ್ರಬಂಧಕ್ಕೆ ಇದೇ ಸರಿಯಾಗಿತ್ತು. ಆ ಕಾಲೇಜು ಉತ್ಸವದ್ದು ಎಷ್ಟು ಸಪ್ಪೆ ಇದೆ ಅಂತ ನಂಗೇ ಗೊತ್ತು. ಎರಡನೇ ರೌಂಡಿಗೆ ಜನವರಿ ಮೊದಲ ವಾರದವರೆಗೂ ಟೈಮ್ ಇದೆ. ನಿನ್ನ ತಪ್ಪನ್ನ ನಾನು ಕಂಡುಹಿಡಿದ ಹಾಗೆ ಬರೆದರೆ...' ಎನ್ನುತ್ತಲೇ ಅವಳ ಬೆರಳು ಕೀಲಿಮಣೆಯ ಮೇಲೆ ಹೋಗಿತ್ತು. ಕೆಟ್ಟ ಹುಡುಗಿಯಲ್ಲ. ಆರು ತಿಂಗಳಿಂದ ಬದುಕಿನ ಪ್ರತಿಯೊಂದನ್ನೂ ಪ್ರಬಂಧಕ್ಕೆ ಆಗುತ್ತದೋ ಇಲ್ಲವೋ ಎಂದು ಮೂಸಿ ನೋಡುವ ಅಭ್ಯಾಸ ಆಗಿಹೋಗಿದೆ. ನನಗೂ ನಿವೃತ್ತನಾದ ಮೇಲೆ ಬಹಳ ದಿನ ಯಾರ ಮನೆಗೆ ಹೋದರೂ ಗೋಡೆ ನೋಡಿ ಅಡಮಾನದ ಬೆಲೆ ಕಟ್ಟುವ ಚಾಳಿ ಇತ್ತು.

ಬಹಿರಂಗ ಪತ್ರ ಏಕೆ, ನೇರ ತಮಗೇ ಬರೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಬೇರೆ ಕಡೆ ಅಚ್ಚಾದದ್ದನ್ನು ಪ್ರಬಂಧದಲ್ಲಿ ನಕಲು ಮಾಡಿದರೆ ಹಿಡಿಯುವ ತಂತ್ರಾಂಶ ತಮ್ಮಲ್ಲಿ ಕೆಲವರ ಬಳಿ ಇದೆಯೆಂದು ಮಗಳೇ ಹೇಳಿದ್ದಳು. ಹಾಗಾದರೆ ಇದು ಅಚ್ಚಾಗಲಿ ಎಂದುಕೊಂಡೆ. ಮನೆ ಅಡವಿಟ್ಟಿದ್ದಾಗಿದೆ, ಅದಕ್ಕೆ ಬೇಸರವಿಲ್ಲ. ಆ ಹೆಂಗಸಿನ ಎಮ್ಮೆಯ ಮೇಲೆ ನನ್ನ ಬ್ಯಾಂಕು ಒಮ್ಮೆ ಬಡ್ಡಿ ತೆಗೆದುಕೊಂಡಿದೆ. ಅದೇ ಎಮ್ಮೆಯ ಮೇಲೆ ನಮ್ಮ ಮನೆಯಿಂದ ಇನ್ನೊಂದು ಸಾಲ ಎತ್ತುವುದು ಬೇಡ.

ಬರೆದು ಮುಗಿಸಿ ಅವಳಿಗೆ ಓದಲು ಕೊಟ್ಟೆ. ಓದಿ, ಒಂದೆರಡು ಕಡೆ ನಕ್ಕು, ಕಾಗುಣಿತದ ಎರಡು ತಪ್ಪು ತಿದ್ದಿ ವಾಪಸು ಕೊಟ್ಟಳು. 'ಆದರೆ ಅಪ್ಪ, ಆ ಸಾಫ್ಟ್‌ವೇರ್‌ಗೆ ಕನ್ನಡ ಬರಲ್ಲ' ಎಂದಳು. ಬರೆಯುತ್ತೇನೆ ಎಂದೂ ಹೇಳಲಿಲ್ಲ, ಬರೆಯುವುದಿಲ್ಲ ಎಂದೂ ಹೇಳಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಅಮ್ಮನ ಪಕ್ಕ ಕೂತು ಅವರೆಕಾಳು ಹಿಸುಕತೊಡಗಿದಳು.

ಆದ್ದರಿಂದ ಜನವರಿಯಲ್ಲಿ ತಮ್ಮ ಮೇಜಿನ ಮೇಲೆ ಎಮ್ಮೆಯೊಂದು ಬಂದರೆ, ಓಲೆಯ ನಂಬರು ಸರಿಯಾಗಿ ನೋಡಿಕೊಳ್ಳಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಸಹ-ಸಾಲಗಾರ
ಮೈಸೂರು, ಡಿಸೆಂಬರ್ 2025

ಲಗತ್ತು: ಮನೆಯ ಕ್ರಯಪತ್ರದ ನಕಲು, ಇ.ಸಿ., ಕಂದಾಯ ರಸೀದಿ. ಪ್ರಶಂಸಾ ಪತ್ರವನ್ನು ಲಗತ್ತಿಸಿಲ್ಲ. ಗೋಡೆಯಿಂದ ಇಳಿಸಿದ್ದೇನೆ, ಮೊಳೆ ಹಾಗೇ ಇದೆ.